ಸವೆಯುವ ಅಟ್ಟೆ, ಸವೆಯದ ಋಣ

ಮಗನಿಗೆ ಕಾಫಿ ತೋಟದಲ್ಲಿ ರೈಟರ್ ಕೆಲಸ ಸಿಕ್ಕಿದೆ. ಬೆಳಗಾದರೆ ಕೆಸರು, ಕಲ್ಲು, ಮುಳ್ಳು, ಮಳೆಗಾಲದಲ್ಲಿ ಜಿಗಣೆ. ಮೊದಲ ತಿಂಗಳ ಸಂಬಳ ಕೈಗೆ ಬಂದ ಕೂಡಲೇ ಪೇಟೆಗೆ ಹೋಗಿ ಆರು ಸಾವಿರ ರೂಪಾಯಿ ಕೊಟ್ಟು ಒಂದು ಜೊತೆ ಚರ್ಮದ ಬೂಟು ತಂದ. ತಾಯಿ ಡಬ್ಬಿ ಬಿಚ್ಚಿ ನೋಡಿ ಹೌಹಾರಿದರು.

“ಏನೋ ಮಗನೇ, ಕೆಸರು ತುಳಿಯೋದಕ್ಕೆ ಆರು ಸಾವಿರವಾ? ನಿಮ್ಮಪ್ಪ ಒಂದು ಜೊತೆ ಹವಾಯಿ ಚಪ್ಪಲೀಲಿ ವರ್ಷ ಕಳೀತಿದ್ರು.”

“ಅಮ್ಮ, ಇದು ಎಂಟು ವರ್ಷ ಬಾಳುತ್ತೆ. ಅಟ್ಟೆ ಸವೆದರೆ ಹೊಸದು ಹೊಲಿಸಬಹುದು.”

“ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣೋ!”

ಪ್ರಿಯ ಓದುಗರೇ, ಇಂತಹ ಮಾತುಕತೆ ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವಂಥದ್ದು. ಯಾರ ಮಾತು ಸರಿ? ತಾಯಿಯದು ಬಡತನವನ್ನು ಕಂಡ ಬಾಯಿಂದ ಬಂದ ಮಾತು. ಮಗನದು ಲೆಕ್ಕ ಹಾಕಿದವನ ಮಾತು. ಇಬ್ಬರೂ ದುಡ್ಡಿನ ಬಗ್ಗೆ ಮಾತನಾಡುತ್ತಿದ್ದಾರೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಸ್ವಲ್ಪ ಆಳಕ್ಕೆ ಇಳಿದರೆ ಅಲ್ಲಿರುವುದು ನೀತಿಯ ಪ್ರಶ್ನೆ. ಒಂದು ಒಳ್ಳೆಯ ವಸ್ತುವಿಗಾಗಿ ಹೆಚ್ಚು ಹಣ ತೆರುವುದು ದುಂದೋ, ಮಿತವ್ಯಯವೋ? ಆ ವಸ್ತುವನ್ನು ಜತನದಿಂದ ನೋಡಿಕೊಳ್ಳುವುದು ಸದ್ಗುಣವೋ, ವ್ಯಾಮೋಹವೋ? ಬರಿಗಾಲಲ್ಲಿ ನಡೆಯುವವರು ಇನ್ನೂ ಇರುವ ನಾಡಿನಲ್ಲಿ ಆರು ಸಾವಿರದ ಬೂಟು ತೊಡಲು ನಮಗೆ ಹಕ್ಕಿದೆಯೇ?

ಬೂಟಿನಂತಹ ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಪ್ರಶ್ನೆಯೇ ಎಂದು ನಗಬೇಡಿ. ನಮ್ಮ ನೀತಿ ದೊಡ್ಡ ಸಂಕಲ್ಪಗಳಲ್ಲಿ ಮಾತ್ರ ಇರುವುದಿಲ್ಲ. ಹೊಸ್ತಿಲ ಹೊರಗೆ ಬಿಟ್ಟ ಪಾದರಕ್ಷೆಗಳ ಸಾಲಿನಲ್ಲೂ ಅದನ್ನು ಓದಬಹುದು.

ಅಗ್ಗ ಬೇರೆ, ಮಿತವ್ಯಯ ಬೇರೆ

ಮೊದಲು ಮಗನ ಲೆಕ್ಕವನ್ನೇ ನೋಡೋಣ. ಸಾವಿರ ರೂಪಾಯಿಯ ಅಂಟಿಸಿದ ಬೂಟು ತೋಟದ ಕೆಲಸಕ್ಕೆ ಎಂಟು ತಿಂಗಳು ಬಾಳಿತೆಂದು ಇಟ್ಟುಕೊಳ್ಳಿ. ಎಂಟು ವರ್ಷಕ್ಕೆ ಹನ್ನೆರಡು ಜೊತೆ, ಹನ್ನೆರಡು ಸಾವಿರ ರೂಪಾಯಿ. ಆರು ಸಾವಿರದ ಬೂಟಿಗೆ ಆ ಅವಧಿಯಲ್ಲಿ ಎರಡು ಸಲ ಸಾವಿರದ ಇನ್ನೂರರಂತೆ ಕೊಟ್ಟು ಅಟ್ಟೆ ಬದಲಾಯಿಸಿದರೂ ಒಟ್ಟು ಎಂಟು ಸಾವಿರದ ನಾಲ್ಕುನೂರು. ಉಳಿತಾಯ ಮೂರು ಸಾವಿರದ ಆರುನೂರು. ಮೇಲಾಗಿ ಹನ್ನೊಂದು ಜೊತೆ ಹರಕು ಬೂಟು ತಿಪ್ಪೆಗೆ ಹೋಗುವುದು ತಪ್ಪಿತು. ಅಗ್ಗದ್ದನ್ನು ಕೊಂಡವನು ಮಿತವ್ಯಯಿಯಾಗಿ ಕಂಡರೂ ನಿಜವಾಗಿ ಹೆಚ್ಚು ಖರ್ಚು ಮಾಡಿದವನು ಅವನೇ.

ಆದರೆ ಈ ಲೆಕ್ಕ ಅರ್ಧ ಸತ್ಯ ಮಾತ್ರ. ಆರು ಸಾವಿರ ರೂಪಾಯಿ ಒಮ್ಮೆಗೇ ಕೈಯಲ್ಲಿರುವವನಿಗೆ ಮಾತ್ರ ಈ ಉಳಿತಾಯ ಸಾಧ್ಯ. ದಿನಗೂಲಿಯವನು ಸಾವಿರದ್ದನ್ನೇ ಕೊಳ್ಳಬೇಕು, ಅದು ಹರಿದಾಗ ಮತ್ತೊಂದು ಸಾವಿರ ಹೊಂದಿಸಬೇಕು. ಕೊನೆಗೆ ಉಳ್ಳವನಿಗಿಂತ ಹೆಚ್ಚು ಹಣ ತೆತ್ತೂ ಮಳೆಗಾಲದಲ್ಲಿ ಕಾಲು ನೆನೆಸಿಕೊಳ್ಳಬೇಕು. ಬಡತನವೇ ಬಡವನಿಂದ ಹೀಗೆ ತೆರಿಗೆ ವಸೂಲು ಮಾಡುತ್ತದೆ. ಆದ್ದರಿಂದ “ಒಳ್ಳೆಯದನ್ನೇ ಕೊಳ್ಳಿ, ಬಾಳಿಕೆ ಬರುತ್ತದೆ” ಎಂಬ ಉಪದೇಶವನ್ನು ಕಂಡಕಂಡವರಿಗೆ ಮಾಡಲು ಹೊರಡಬಾರದು. ಆ ಮಾತು ಕೊಳ್ಳಬಲ್ಲವನಿಗೆ ವಿವೇಕ, ಕೊಳ್ಳಲಾರದವನಿಗೆ ಅಣಕ.

ಉಡುಗೆತೊಡುಗೆಯ ನೀತಿಯನ್ನು 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ’ ಗ್ರಂಥದಲ್ಲಿ ಪ್ರತ್ಯೇಕವಾಗಿಯೇ ಚರ್ಚಿಸಿದ್ದಾರೆ. ಅವರ ವಿಚಾರದ ಸಾರ ಇಷ್ಟು: ತೊಡುವ ವಸ್ತುವಿನಲ್ಲಿ ತಾನಾಗಿ ಕೆಡುಕಿಲ್ಲ, ಕೆಡುಕಿರುವುದು ಅದನ್ನು ಬಳಸುವವನ ಅಳತೆಗೆಟ್ಟ ಮನಸ್ಸಿನಲ್ಲಿ. ಸುತ್ತಲಿನ ಜನರ ಮುಂದೆ ಮೆರೆಯಲೆಂದು ತೊಟ್ಟರೆ ಅದು ಮಿತಿಮೀರಿದ್ದು. ದೇಹದ ಸುಖವೇ ಸರ್ವಸ್ವವೆಂದು ತೊಟ್ಟರೂ ಮಿತಿಮೀರಿದ್ದು. ಸದಾ ಅದರದೇ ಚಿಂತೆಯಲ್ಲಿ ಮುಳುಗಿದರೂ ಹಾಗೆಯೇ. ಅವರು ಅಲ್ಲಿಗೇ ನಿಲ್ಲುವುದಿಲ್ಲ. ತೊಡಬೇಕಾದುದನ್ನು ಸೋಮಾರಿತನದಿಂದ ಕೆಡಿಸಿಕೊಂಡು ಓಡಾಡುವುದೂ ದೋಷ; ತನ್ನ ಹರಕುತನವನ್ನೇ ಹೆಮ್ಮೆಯಾಗಿ ಪ್ರದರ್ಶಿಸುವುದು ಇನ್ನೊಂದು ದೋಷ. ನಮ್ಮಲ್ಲಿ ಸರಳತೆಯ ಹೆಸರಿನಲ್ಲಿ ನಡೆಯುವ ಎಷ್ಟೋ ಆಡಂಬರಗಳು ಈ ಕೊನೆಯ ಸಾಲಿಗೆ ಸೇರುತ್ತವೆ.

ಹಾಗಾದರೆ ತೋಟದ ರೈಟರ್ ತಂದ ಬೂಟನ್ನು ಬೆಲೆಯಿಂದ ಅಳೆಯಬಾರದು, ಉದ್ದೇಶದಿಂದ ಅಳೆಯಬೇಕು. ಅವನ ಕಾಲಿಗೆ ಅದು ಬೇಕೇ? ಬೇಕು. ಅದನ್ನು ಅವನು ಸವೆಯುವವರೆಗೆ ತೊಡುತ್ತಾನೆಯೇ? ತೊಡುವನಾದರೆ ಅದು ದುಂದಲ್ಲ. ಪೇಟೆಯಲ್ಲಿ ಮೇಜಿನ ಮುಂದೆ ಕುಳಿತು ಕೆಲಸ ಮಾಡುವವನು ಅದೇ ಬೂಟನ್ನು ಗೆಳೆಯರಿಗೆ ತೋರಿಸಲೆಂದು ಕೊಂಡು ತಿಂಗಳಿಗೊಮ್ಮೆ ತೊಟ್ಟರೆ, ಬೆಲೆ ಅದೇ ಆದರೂ ಕೃತ್ಯ ಬೇರೆ.

ಆರಿಸುವ ಕಣ್ಣು, ಮಾರುವವನ ನಾಲಿಗೆ

ಕೊಳ್ಳಲೇಬೇಕೆಂದಾದರೆ ತಿಳಿದು ಕೊಳ್ಳಬೇಕು. ಅಜ್ಞಾನದಿಂದ ಹೆಚ್ಚು ತೆರುವುದು ಸದ್ಗುಣವಲ್ಲ.

ತೊಗಲಿಗೆ ಹಲವು ಪದರಗಳಿವೆ. ಪ್ರಾಣಿಯ ಮೈಯ ಹೊರಮುಖದ ಪದರದಲ್ಲಿ ನಾರುಗಳು ದಟ್ಟವಾಗಿ ಹೆಣೆದುಕೊಂಡಿರುತ್ತವೆ. ಅದನ್ನು ಉಜ್ಜಿ ತೆಗೆಯದೆ ಹಾಗೆಯೇ ಉಳಿಸಿದರೆ ಅದು ಫುಲ್ ಗ್ರೇನ್ ಚರ್ಮ. ಅದರಲ್ಲಿ ಕೂದಲಿನ ಸೂಕ್ಷ್ಮ ರಂಧ್ರಗಳು ಕಾಣುತ್ತವೆ. ಒಮ್ಮೊಮ್ಮೆ ಪ್ರಾಣಿಗೆ ಮುಳ್ಳು ಗೀರಿದ ಗುರುತೂ ಇರುತ್ತದೆ. ಮೇಲ್ಮೈಯನ್ನು ಉಜ್ಜಿ ಬಣ್ಣದ ಲೇಪ ಕೊಟ್ಟದ್ದು ನೋಡಲು ಕನ್ನಡಿಯಂತೆ ನುಣುಪು. ಆದರೆ ಕಾಲಕ್ರಮೇಣ ಆ ಲೇಪ ಬಿರುಕು ಬಿಡುತ್ತದೆ. ಒಳಗಿನ ಸಡಿಲ ಪದರವನ್ನು ಸೀಳಿ ತೆಗೆದು ಅದಕ್ಕೆ ಪ್ಲಾಸ್ಟಿಕ್ ಪೊರೆ ಅಂಟಿಸಿದ ಚರ್ಮವೂ ಉಂಟು. ಚೂರುಪಾರು ಚರ್ಮವನ್ನು ಪುಡಿಮಾಡಿ ಅಂಟು ಬೆರೆಸಿ ಹಾಳೆ ಮಾಡುವುದೂ ಉಂಟು. ಡಬ್ಬಿಯ ಮೇಲೆ ‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆ ಇದ್ದ ಮಾತ್ರಕ್ಕೆ ಒಳಗಿರುವುದು ಯಾವ ಪದರವೆಂದು ತಿಳಿಯುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ: ಒಳ್ಳೆಯ ಚರ್ಮದಲ್ಲಿ ಸಣ್ಣ ಸುಕ್ಕುಗಳು ಮೂಡಿ ಬಿಟ್ಟೊಡನೆ ಮಾಯವಾಗುತ್ತವೆ. ಕತ್ತರಿಸಿದ ಅಂಚು ಕಂಡರೆ ಅಲ್ಲಿ ನಾರು ಕಾಣಬೇಕೇ ಹೊರತು ಬಟ್ಟೆಯ ಮೇಲೆ ಬಳಿದ ರೆಕ್ಸಿನ್ ಪೊರೆಯಲ್ಲ.

ಎರಡನೆಯದು ಅಟ್ಟೆ. ಅಂಟಿನಿಂದ ಮಾತ್ರ ಕೂಡಿಸಿದ ಅಟ್ಟೆ ಬಿಟ್ಟುಕೊಂಡರೆ ಮತ್ತೆ ಬಾಳಿಕೆ ಬರುವಂತೆ ಕೂಡಿಸುವುದು ಕಷ್ಟ. ಗುಡ್‌ಇಯರ್ ವೆಲ್ಟ್ ಎಂಬ ಕ್ರಮದಲ್ಲಿ ಬೂಟಿನ ಸುತ್ತ ಒಂದು ಚರ್ಮದ ಪಟ್ಟಿಯನ್ನು ಮೇಲ್ಭಾಗದ ಚರ್ಮಕ್ಕೂ ಒಳ ಅಟ್ಟೆಗೂ ಸೇರಿಸಿ ಹೊಲಿಯುತ್ತಾರೆ. ಹೊರ ಅಟ್ಟೆಯನ್ನು ಆ ಪಟ್ಟಿಗೆ ಪ್ರತ್ಯೇಕವಾಗಿ ಹೊಲಿಯುತ್ತಾರೆ. ಹೀಗಾಗಿ ಅಟ್ಟೆ ಸವೆದಾಗ ಮೇಲ್ಭಾಗವನ್ನು ಮುಟ್ಟದೆ ಅದನ್ನಷ್ಟೇ ಬಿಚ್ಚಿ ಹೊಸದನ್ನು ಕೂಡಿಸಬಹುದು. ಕೈಯಿಂದ ಮಾಡುತ್ತಿದ್ದ ಈ ಹೊಲಿಗೆಗೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಿರಿಯನು 1870ರ ಸುಮಾರಿಗೆ ಯಂತ್ರವನ್ನು ಬಳಕೆಗೆ ತಂದನು. ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡುವ ವಿಧಾನ ಕಂಡುಹಿಡಿದವನು ಅವನ ತಂದೆ.

ಮೂರನೆಯದು ಅಳತೆ. ದಿನವೆಲ್ಲ ನಡೆದ ಮೇಲೆ ಕಾಲು ಸ್ವಲ್ಪ ಊದಿಕೊಳ್ಳುತ್ತದೆ. ಆದ್ದರಿಂದ ಸಂಜೆಯ ಹೊತ್ತು, ಕಾಲುಚೀಲ ಹಾಕಿಕೊಂಡು, ಎರಡೂ ಕಾಲಿಗೆ ತೊಟ್ಟು ನೋಡಬೇಕು. ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಚರ್ಮ ಅಗಲಕ್ಕೆ ಸ್ವಲ್ಪ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. “ಹಾಕ್ತಾ ಹಾಕ್ತಾ ಸರಿಹೋಗುತ್ತೆ ಸಾರ್” ಎನ್ನುವ ಅಂಗಡಿಯವನ ಮಾತು ಅಗಲದ ಮಟ್ಟಿಗೆ ನಿಜವಿರಬಹುದು, ಉದ್ದದ ಮಟ್ಟಿಗೆ ಸುಳ್ಳು.

ಇಲ್ಲೊಂದು ನೀತಿಯ ಮಾತಿದೆ. ಸರಕಿನಲ್ಲಿರುವ ಕಣ್ಣಿಗೆ ಕಾಣದ ದೋಷವನ್ನು ಮಾರುವವನೇ ಹೇಳಬೇಕೆಂಬುದು ಅಕ್ವಿನಾಸರ ನಿಲುವು. ತಿಳಿದೂ ಮರೆಮಾಚಿದರೆ ಅದು ಮೋಸ. ತಿಳಿಯದೆ ಮಾರಿದ್ದರೆ ತಿಳಿದ ಮೇಲೆ ನಷ್ಟ ತುಂಬಿಕೊಡಬೇಕು. ಹೊಳಪಿನ ಕೆಳಗೆ ಸೀಳು ಚರ್ಮವನ್ನು ಅಡಗಿಸಿ ಒಳ್ಳೆಯ ಚರ್ಮದ ಬೆಲೆ ಕೇಳುವವನಿಗೆ ಏಳುನೂರು ವರ್ಷಗಳಿಗೂ ಹಿಂದಿನ ಈ ಮಾತು ಇಂದಿಗೂ ನೇರವಾಗಿ ತಟ್ಟುತ್ತದೆ. ನಮ್ಮಲ್ಲಿ ಅಂಗಡಿ ಇಟ್ಟುಕೊಂಡಿರುವ ಸಹೋದರರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಅಟ್ಟೆಯ ಕೆಳಗಿರುವವರು

ಒಳ್ಳೆಯ ಮನುಷ್ಯ ಯಾರು ಎಂದು ವಿವರಿಸುವಾಗ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಒಬ್ಬ ಚಮ್ಮಾರನನ್ನು ನೆನೆಯುತ್ತಾನೆ. ಒಳ್ಳೆಯ ಚಮ್ಮಾರ ತನಗೆ ಸಿಕ್ಕ ತೊಗಲಿನಿಂದಲೇ ಆದಷ್ಟು ಒಳ್ಳೆಯ ಪಾದರಕ್ಷೆ ಮಾಡುವಂತೆ, ವಿವೇಕಿ ತನಗೆ ಒದಗಿದ ಪರಿಸ್ಥಿತಿಯಲ್ಲೇ ಆದಷ್ಟು ಒಳ್ಳೆಯದನ್ನು ಮಾಡುತ್ತಾನೆ ಎಂಬುದು ಅವನ ಭಾವ. ತತ್ವಜ್ಞಾನಿಗಳು ಚಮ್ಮಾರನಿಂದ ಉಪಮೆ ಪಡೆದರು. ಆದರೆ ಸಮಾಜ ಚಮ್ಮಾರನಿಗೆ ಏನು ಕೊಟ್ಟಿತು?

ನಮ್ಮ ನಾಡಿನ ಉತ್ತರ ನಮಗೆ ಗೊತ್ತೇ ಇದೆ. ಸತ್ತ ದನದ ತೊಗಲನ್ನು ಸುಲಿದು, ಸುಣ್ಣದ ನೀರಿನಲ್ಲಿ ಕೂದಲು ಕಳಚಿ, ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿಯ ರಸದಲ್ಲಿ ವಾರಗಟ್ಟಲೆ ನೆನೆಸಿ ಹದಮಾಡಿ ಊರಿನ ಕಾಲುಗಳನ್ನು ಕಾಪಾಡಿದವರನ್ನು ಊರಿನ ಹೊರಗಿಟ್ಟೆವು. ಅವರು ಮಾಡಿದ ಮೆಟ್ಟು ನಮಗೆ ಬೇಕಾಯಿತು, ಮಾಡಿದ ಕೈ ಬೇಡವಾಯಿತು. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಸಮುದಾಯದ ಶರಣ ಹರಳಯ್ಯ ಮತ್ತು ಅವರ ಪತ್ನಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರೆಂದೂ, ಬಸವಣ್ಣನವರು ಅದನ್ನು ಕಾಲಿಗೆ ತೊಡಲು ಒಪ್ಪದೆ ತಲೆಯ ಮೇಲಿಟ್ಟುಕೊಂಡರೆಂದೂ ಪರಂಪರೆ ಹೇಳುತ್ತದೆ. ಈ ಕಥೆಯನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವುದು ಸುಲಭ. ಪಾದರಕ್ಷೆಯಲ್ಲಿ ಅದನ್ನು ಮಾಡಿದವನ ಮೈಯೇ ಸೇರಿರುತ್ತದೆಂಬ ಅದರ ಅರ್ಥವನ್ನು ಒಪ್ಪಿಕೊಂಡು ಬದುಕುವುದು ಕಷ್ಟ.

ಕ್ರೈಸ್ತರಾದ ನಾವು ಇದರಿಂದ ಹೊರತೆಂದು ಹೇಳಿಕೊಳ್ಳುವಂತಿಲ್ಲ. ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ 1852ರಲ್ಲಿ ಹುಟ್ಟಿದ ಯಾನ್ ಮ್ಯಾಟ್ಸೆಲಿಗರ್ ಎಂಬ ಕರಿಯ ಯುವಕ ಅಮೆರಿಕದ ಲಿನ್ ಪಟ್ಟಣದ ಬೂಟು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಮೇಲ್ಭಾಗದ ಚರ್ಮವನ್ನು ಕಾಲಚ್ಚಿನ ಮೇಲೆ ಎಳೆದು ಬಿಗಿದು ಒಳ ಅಟ್ಟೆಗೆ ಕೂಡಿಸುವ ಕೆಲಸ ಯಂತ್ರಕ್ಕೆ ಅಸಾಧ್ಯವೆಂದು ಎಲ್ಲರೂ ನಂಬಿದ್ದರು. ನುರಿತ ಕೆಲಸಗಾರನೂ ದಿನಕ್ಕೆ ಐವತ್ತು ಜೊತೆಯ ಸುಮಾರಿಗೆ ಮಾಡುತ್ತಿದ್ದ. ಮ್ಯಾಟ್ಸೆಲಿಗರ್ ಅರೆಹೊಟ್ಟೆಯಲ್ಲಿದ್ದು ರಾತ್ರಿಗಳನ್ನು ಕಳೆದು ಅದಕ್ಕೊಂದು ಯಂತ್ರ ಕಟ್ಟಿದ. 1883ರಲ್ಲಿ ಹಕ್ಕುಪತ್ರ ಪಡೆದ. ಯಂತ್ರ ದಿನಕ್ಕೆ ನೂರಾರು ಜೊತೆ ಮಾಡತೊಡಗಿತು, ಜನಸಾಮಾನ್ಯರಿಗೂ ಬೂಟು ಎಟಕುವಂತಾಯಿತು. ಅವನು ಮಾತ್ರ 1889ರಲ್ಲಿ ಮೂವತ್ತಾರರ ಪ್ರಾಯದಲ್ಲಿ ಕ್ಷಯರೋಗದಿಂದ ತೀರಿಕೊಂಡ. ಆ ಪಟ್ಟಣದಲ್ಲಿ ಅವನ ಮೈಬಣ್ಣದ ಕಾರಣಕ್ಕೆ ಅವನನ್ನು ಸೇರಿಸಿಕೊಳ್ಳದ ಚರ್ಚುಗಳಲ್ಲಿ ಕಥೋಲಿಕ ಚರ್ಚೂ ಒಂದೆಂದು ಅವನ ಜೀವನಚರಿತ್ರೆಗಳು ದಾಖಲಿಸುತ್ತವೆ. ತನ್ನನ್ನು ಬರಮಾಡಿಕೊಂಡ ಒಂದು ಪ್ರಾಟೆಸ್ಟೆಂಟ್ ಸಭೆಗೆ ಅವನು ತನ್ನ ಷೇರುಗಳಲ್ಲಿ ಪಾಲು ಬರೆದಿಟ್ಟ. ಬೂಟು ಎಲ್ಲರ ಬಾಗಿಲು ದಾಟಿತು, ಮಾಡಿದವನು ಹೊರಗೇ ನಿಂತ. ಇದನ್ನು ಓದಿ ನಾವು ತಲೆತಗ್ಗಿಸಬೇಕು.

ಈಗ ನಮ್ಮ ನೆರೆಯಲ್ಲೇ ನೋಡೋಣ. ಭಾರತದ ಚರ್ಮೋದ್ಯಮದ ಒಂದು ದೊಡ್ಡ ಪಾಲು ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳಲ್ಲಿದೆ. ಅಲ್ಲಿ ಹರಿಯುವ ಪಾಲಾರ್ ನದಿ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ತೊಗಟೆಯ ರಸದಲ್ಲಿ ವಾರ ತಿಂಗಳು ಹಿಡಿಯುವ ಹದವನ್ನು ಕ್ರೋಮಿಯಂ ಲವಣಗಳು ಒಂದೆರಡು ದಿನದಲ್ಲಿ ಮುಗಿಸುತ್ತವೆ. ಆದ್ದರಿಂದ ಇಂದು ಜಗತ್ತಿನ ಬಹುಪಾಲು ಚರ್ಮ ಕ್ರೋಮಿನಲ್ಲೇ ಹದವಾಗುತ್ತದೆ. ಸಂಸ್ಕರಿಸದೆ ಹೊರಬಿಟ್ಟ ಆ ನೀರು, ತೊಗಲು ಕೆಡದಿರಲು ಸವರಿದ ಉಪ್ಪಿನೊಡನೆ ಸೇರಿ, ಹೊಲವನ್ನೂ ಬಾವಿಯನ್ನೂ ಕೆಡಿಸಿತು. 1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟು ವೆಲ್ಲೂರು ನಾಗರಿಕರ ವೇದಿಕೆಯ ಮೊಕದ್ದಮೆಯಲ್ಲಿ, ಕೆಡಿಸಿದವನೇ ಬೆಲೆ ತೆರಬೇಕೆಂಬ ತತ್ವ ಈ ದೇಶದ ಕಾನೂನಿನ ಭಾಗವೆಂದು ಸಾರಿತು. 2025ರ ಜನವರಿಯಲ್ಲೂ ಪಾಲಾರ್ ಮಾಲಿನ್ಯಕ್ಕೆ ಪರಿಹಾರ ಕೊಡಿಸಲು ಅದೇ ನ್ಯಾಯಾಲಯ ಆದೇಶ ನೀಡಬೇಕಾಯಿತು. ಈ ನಡುವೆ 2015ರ ಜನವರಿ 31ರಂದು ರಾಣಿಪೇಟೆಯಲ್ಲಿ ಚರ್ಮ ಕಾರ್ಖಾನೆಗಳ ಕೊಳಚೆ ಶುದ್ಧೀಕರಣ ಘಟಕದ ತೊಟ್ಟಿಯ ಗೋಡೆ ಕುಸಿದು ಹತ್ತು ಮಂದಿ ಕಾರ್ಮಿಕರು ರಾಡಿಯಲ್ಲಿ ಸಿಕ್ಕಿ ಸತ್ತರು.

ಬಡವರನ್ನು ಒಂದು ಜೊತೆ ಕೆರದ ಬೆಲೆಗೆ ಮಾರಿದರೆಂದು ಆಮೋಸ ಪ್ರವಾದಿ ಇಸ್ರಯೇಲರ ಮೇಲೆ ಆರೋಪ ಹೊರಿಸಿದ್ದರು. ಇಂದು ಅದೇ ಮಾತು ಬೇರೆ ರೀತಿಯಲ್ಲಿ ನಿಜವಾಗಿದೆ. ಬೂಟು ಅಗ್ಗವಾದಾಗಲೆಲ್ಲ ಆ ಇಳಿದ ಬೆಲೆಯನ್ನು ಯಾರೋ ಎಲ್ಲೋ ತುಂಬಿಕೊಟ್ಟಿರುತ್ತಾರೆ: ಕೂಲಿಯಲ್ಲೋ, ಕುಡಿಯುವ ನೀರಿನಲ್ಲೋ, ಪ್ರಾಣದಲ್ಲೋ. “ಕೊಡೋದು ಮೂರು ಕಾಸು, ಕೋಣೆ ತುಂಬ ಹಾಸು” ಎಂಬ ನಮ್ಮ ಗಾದೆ ನಗಿಸುತ್ತದೆ. ಆದರೆ ಕೋಣೆ ತುಂಬಿದ್ದರ ಉಳಿದ ಕಾಸನ್ನು ಕೊಟ್ಟವರ ಹೆಸರು ಆ ಗಾದೆಯಲ್ಲಿಲ್ಲ. ಹಾಗೆಂದು ದುಬಾರಿಯಾದದ್ದೆಲ್ಲ ನ್ಯಾಯವಾದುದೆಂದೂ ತಿಳಿಯಬೇಡಿ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಗಳನ್ನು ಮೂಲ ಹೇಳದೆ ತೋರಿಸಿತು. ಆಕ್ಷೇಪ ಎದ್ದ ಮೇಲೆ ಅದರ ಪ್ರೇರಣೆ ಭಾರತದ್ದೆಂದು ಒಪ್ಪಿತು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಆ ಚಪ್ಪಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳದ್ದಷ್ಟೇ ಅಲ್ಲ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಕುಶಲಕರ್ಮಿಗಳದ್ದೂ ಹೌದು. ಹೆಚ್ಚಿನ ಬೆಲೆ ಹೆಸರಿಗೆ ಹೋಗುತ್ತದೆಯೋ ಕೈಗೆ ಹೋಗುತ್ತದೆಯೋ ಎಂದು ಕೇಳುವ ಹಕ್ಕೂ ಕರ್ತವ್ಯವೂ ಕೊಳ್ಳುವವನಿಗಿದೆ.

ಜತನ ವ್ಯಾಮೋಹವೇ?

ಇಷ್ಟು ಜನರ ಬೆವರು ಸೇರಿದ ವಸ್ತು ಮನೆಗೆ ಬಂದಿದೆ. ಈಗ ನಮ್ಮ ಸರದಿ. ಕೆಲವರು ಕೇಳಬಹುದು: “ಸ್ವಾಮಿ, ಲೋಕದ ವಸ್ತುಗಳಿಗೆ ಅಂಟಿಕೊಳ್ಳಬೇಡಿ ಎಂದು ನೀವೇ ಬೋಧಿಸುತ್ತೀರಿ. ಬೂಟಿಗೆ ಮೇಣ ಹಚ್ಚುತ್ತಾ ಕೂರುವುದು ಅಂಟಿಕೊಳ್ಳುವುದಲ್ಲವೇ?”

ವಿಚಾರ ಮಾಡಿ ನೋಡಿ. ವಸ್ತುವಿಗೆ ಅಂಟಿಕೊಂಡವನು ಅದನ್ನು ಬಳಸಲು ಹೆದರುತ್ತಾನೆ. ಮಳೆ ಬಂದರೆ ಬೂಟನ್ನು ಕೈಯಲ್ಲಿ ಹಿಡಿದು ಓಡುತ್ತಾನೆ. ಜತನ ಮಾಡುವವನು ಅದನ್ನು ಮಳೆಯಲ್ಲೂ ತೊಡುತ್ತಾನೆ, ಸಂಜೆ ಬಂದು ಒರೆಸಿಡುತ್ತಾನೆ. ಅಂಟಿಕೊಂಡವನಿಗೆ ಹೊಸದೊಂದು ಕಂಡರೆ ಹಳೆಯದು ಬೇಸರ. ಜತನ ಮಾಡುವವನಿಗೆ ಹಳೆಯದೇ ಸಾಕು. ನಮ್ಮ ಕಾಲದ ರೋಗ ವಸ್ತುಗಳನ್ನು ಅತಿಯಾಗಿ ಪ್ರೀತಿಸುವುದಲ್ಲ, ಅವನ್ನು ಅತಿಯಾಗಿ ಬಯಸಿ ಕೈಗೆ ಬಂದ ಮರುದಿನವೇ ಮರೆಯುವುದು. ಹಾಗಾಗಿ ಜತನವೇ ಆಸೆಗೆ ಮದ್ದು.

ಜತನದ ಕ್ರಮ ಸರಳ. ಒಂದೇ ಬೂಟನ್ನು ಪ್ರತಿದಿನ ತೊಡಬೇಕಾಗಿಲ್ಲದಿದ್ದರೆ ಒಂದು ದಿನ ಬಿಟ್ಟು ತೊಡಿ. ಕಾಲಿನ ಬೆವರನ್ನು ಹೀರಿದ ಒಳ ಅಟ್ಟೆ ಆರಲು ಅಷ್ಟು ಸಮಯ ಬೇಕು. ನೆನೆದಾಗ ಒಳಗೆ ಹಳೆಯ ವೃತ್ತಪತ್ರಿಕೆಯನ್ನು ಉಂಡೆ ಮಾಡಿ ತುಂಬಿ, ಒದ್ದೆಯಾದಾಗ ಬದಲಾಯಿಸಿ, ನೆರಳಿನಲ್ಲಿ ಗಾಳಿಗೆ ಇಡಿ. ಒಲೆಯ ಪಕ್ಕ ಅಥವಾ ಸುಡುಬಿಸಿಲಲ್ಲಿ ಒಣಗಿಸಿದರೆ ಚರ್ಮ ಗಡುಸಾಗಿ ಬಿರಿಯುತ್ತದೆ. ಒಂದು ಸಂಜೆಯ ಅವಸರ ವರ್ಷಗಳ ಬಾಳಿಕೆಯನ್ನು ತಿಂದುಹಾಕುತ್ತದೆ. ಕೆಸರು ಒಣಗಿದ ಮೇಲೆ ಬ್ರಷ್ಷಿನಿಂದ ಉದುರಿಸಿ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ. ಹೊಲಿಗೆಯ ಸಂದಿಯಲ್ಲಿ ಮಣ್ಣು ಉಳಿದರೆ ಅದೇ ಅರದಂತೆ ದಾರವನ್ನು ತಿನ್ನುತ್ತದೆ. ಚರ್ಮ ಒಣಗಿದಂತೆ ಕಂಡಾಗ ಮಾತ್ರ ಚರ್ಮಕ್ಕೆಂದೇ ಮಾಡಿದ ಕ್ರೀಮನ್ನು ತೆಳುವಾಗಿ ಸವರಿ, ಆಮೇಲೆ ಮೇಣದ ಪಾಲಿಶ್ ಹಚ್ಚಿ. ಕೊಬ್ಬರಿ ಎಣ್ಣೆ ಸುರಿಯುವ ಅಭ್ಯಾಸ ಹಲವರಿಗಿದೆ. ಅತಿಯಾದರೆ ಚರ್ಮ ಕಪ್ಪಾಗಿ, ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ; ಬಟ್ಟೆಯ ಚೀಲ ಸಾಕು. ಅಟ್ಟೆ ಪೂರ್ತಿ ಸವೆದು ಪಟ್ಟಿಯನ್ನೇ ಮುಟ್ಟುವವರೆಗೆ ಕಾಯದೆ ಮೊದಲೇ ಬದಲಾಯಿಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ತೊಡುವ ಮುನ್ನ ಪ್ರತಿ ಸಲವೂ ಬೂಟಿನೊಳಗೆ ಕೈ ಹಾಕಿ ನೋಡಲಿ. ಅವರ ಕಾಲಿಗೆ ತಿಳಿಯದ ಸಣ್ಣ ಕಲ್ಲೊಂದು ದೊಡ್ಡ ಹುಣ್ಣು ಮಾಡಬಲ್ಲದು.

ಈ ಕೆಲಸವನ್ನು ಮನೆಯ ಮಕ್ಕಳಿಗೆ ಕಲಿಸಿ. ಶನಿವಾರ ಸಂಜೆ ಅಪ್ಪ, ಮಕ್ಕಳು ಜಗಲಿಯಲ್ಲಿ ಕುಳಿತು ಪಾದರಕ್ಷೆ ಒರೆಸುವುದು ಸಣ್ಣ ಪಾಠವಲ್ಲ. ಎಲ್ಲರ ಬೂಟನ್ನೂ ತಾಯಿಯೇ ಒರೆಸುವ ಮನೆಯಲ್ಲಿ ಮಕ್ಕಳು ಕಲಿಯುವುದು ಜತನವನ್ನಲ್ಲ, ಯಜಮಾನಿಕೆಯನ್ನು.

ರಿಪೇರಿ ನಮ್ಮ ಕೈಮೀರಿದಾಗ ಮರದ ಕೆಳಗೆ ಕುಳಿತ ಚಮ್ಮಾರ ಅಣ್ಣನ ಬಳಿಗೆ ಹೋಗುತ್ತೇವೆ. ಗಾಜಿನ ಅಂಗಡಿಯಲ್ಲಿ ಹೇಳಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಟ್ಟು ಬಂದವರು ಇಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ದಬ್ಬಳವನ್ನೂ ರಂಪಿಗೆಯನ್ನೂ ಹಿಡಿದು ಬಿಸಿಲಲ್ಲಿ ಕುಳಿತವನ ಹತ್ತು ರೂಪಾಯಿ ಉಳಿಸುವುದು ಮಿತವ್ಯಯವಲ್ಲ, ನ್ಯಾಯಕ್ಕೆ ಮಾಡಿದ ಕಡಿತ. ಅವನನ್ನು “ಏಯ್” ಎಂದು ಕರೆಯುವ ನಾಲಿಗೆಯನ್ನೂ ಅದೇ ದಿನ ತಿದ್ದಿಕೊಳ್ಳಬೇಕು.

ಬಳಸದೆ ಕೊಳೆಯುವ ಜೊತೆ

ಕೊನೆಗೆ ಕಠಿಣವಾದ ಪ್ರಶ್ನೆ ಉಳಿಯಿತು: ಬರಿಗಾಲಿನವನ ಮುಂದೆ ನಮ್ಮ ಬೂಟಿಗೆ ಏನು ಸಮರ್ಥನೆ?

ನಾಲ್ಕನೆಯ ಶತಮಾನದ ಬಿಷಪರಾದ ಸಂತ ಬೆಸಿಲರು ಬರಗಾಲ ಕಂಡ ಕಾಲದವರು. ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಶ್ರೀಮಂತನ ಸಾಮತಿಯ ಮೇಲೆ ಅವರು ಮಾಡಿದ ಪ್ರಬೋಧನೆ ಪ್ರಸಿದ್ಧ. ಮನೆಯಲ್ಲಿ ಬಳಸದೆ ಕೊಳೆಯುತ್ತಿರುವ ಪಾದರಕ್ಷೆ ನಿಜವಾಗಿ ಬರಿಗಾಲಿನವನಿಗೆ ಸೇರಿದ್ದೆಂದು ಅವರು ಅಲ್ಲಿ ಬೋಧಿಸಿದರು. ಗಮನಿಸಿ, ಕಾಲಲ್ಲಿರುವ ಜೊತೆಯನ್ನು ಅವರು ಕೇಳಲಿಲ್ಲ, ಕೊಳೆಯುತ್ತಿರುವುದನ್ನು ಕೇಳಿದರು. ಚರ್ಮದ ಗುಣ ತಿಳಿದವರಿಗೆ ಈ ಮಾತು ಅಲಂಕಾರವಲ್ಲ. ಬಳಸುವ ಚರ್ಮ ಬಾಳುತ್ತದೆ, ಮೂಲೆಯಲ್ಲಿಟ್ಟ ಚರ್ಮ ಬೂಷ್ಟು ಹಿಡಿದು ಒಣಗಿ ಬಿರಿಯುತ್ತದೆ. ಬಳಕೆಯೇ ಅದನ್ನು ಕಾಪಾಡುತ್ತದೆ, ಕೂಡಿಡುವುದೇ ಕೆಡಿಸುತ್ತದೆ.

ಇದರಿಂದ ನನಗೆ ಕಾಣುವ ತೀರ್ಮಾನ ಹೀಗಿದೆ. ಅಗತ್ಯಕ್ಕೆ ತಕ್ಕ ಒಂದು ಒಳ್ಳೆಯ ಜೊತೆಯನ್ನು ಕೊಂಡು ಕೊನೆಯವರೆಗೆ ತೊಡುವುದು ಅಪರಾಧವಲ್ಲ; ಅದು ಮಾಡಿದವನಿಗೂ ಸತ್ತ ಪ್ರಾಣಿಗೂ ಸಲ್ಲಿಸುವ ಗೌರವ. ಆದರೆ ಹಾಗೆ ಉಳಿದ ಹಣ ನಮ್ಮ ಎರಡನೆಯ, ಮೂರನೆಯ ಜೊತೆಗೆ ಹೋದರೆ ನಮ್ಮ ವಾದವೆಲ್ಲ ಬರೀ ನೆಪವಾಗುತ್ತದೆ. ಮೊದಲು ಲೆಕ್ಕ ಹಾಕಿದ ಆ ಮೂರು ಸಾವಿರದ ಆರುನೂರು ರೂಪಾಯಿ ಯಾರದು? ಒಮ್ಮೆಗೇ ಆರು ಸಾವಿರ ಹೊಂದಿಸಲಾಗದೆ ಸಾವಿರ ಸಾವಿರ ತೆರುತ್ತಿರುವವನಿಗೆ ಅದರಲ್ಲಿ ಪಾಲಿದೆಯೆಂದು ನಾನು ಹೇಳುತ್ತೇನೆ.

ಕೊಡುವಾಗಲೂ ಕ್ರಮವಿದೆ. ಹಿಮ್ಮಡಿ ಕಿತ್ತ, ಅಟ್ಟೆ ಬಾಯಿಬಿಟ್ಟ ಬೂಟನ್ನು ಕೊಟ್ಟು ದಾನವೆಂದು ಬರೆದುಕೊಳ್ಳಬೇಡಿ. ಕೊಡುವ ಮುನ್ನ ರಿಪೇರಿ ಮಾಡಿಸಿ. ವರ್ಷಗಟ್ಟಲೆ ತೊಟ್ಟ ಚರ್ಮದ ಬೂಟು ನಮ್ಮ ಪಾದದ ಆಕಾರಕ್ಕೆ ಒಗ್ಗಿರುತ್ತದೆ, ಇನ್ನೊಬ್ಬರ ಕಾಲಿಗೆ ನೋವು ಕೊಡಬಹುದು. ಅಂಥಲ್ಲಿ ಅವರ ಅಳತೆಗೆ ಹೊಸದನ್ನೇ ಕೊಡಿಸುವುದು ಮೇಲು. ತಪ್ಪಿಹೋದ ಮಗ ಮರಳಿದಾಗ ತಂದೆ ಅವನ ಕಾಲಿಗೆ ಕೆರ ತೊಡಿಸಲು ಹೇಳಿದನಲ್ಲವೇ? ಆಳುಗಳು ಬರಿಗಾಲಲ್ಲಿರುತ್ತಿದ್ದ ಕಾಲದಲ್ಲಿ ಅದರ ಅರ್ಥ: ನೀನು ಆಳಲ್ಲ, ಮಗ. ಪಾದರಕ್ಷೆ ಕೊಡುವವರು ಆ ಮಾತನ್ನೂ ಜೊತೆಗೇ ಕೊಡಬೇಕು.

ಇನ್ನು ದುಡಿಸಿಕೊಳ್ಳುವವರಿಗೆ ಒಂದು ಮಾತು. ತೋಟದ ಆಳುಗಳಿಗೆ, ಚರಂಡಿ ಬಳಿಯುವ ಪೌರಕಾರ್ಮಿಕರಿಗೆ, ಕಟ್ಟಡದ ಕೂಲಿಗಳಿಗೆ ಗಟ್ಟಿಯಾದ ಬೂಟು ಒದಗಿಸುವುದು ಕ್ರಿಸ್ಮಸ್ ಉಡುಗೊರೆಯಲ್ಲ, ಸಲ್ಲಬೇಕಾದ ಬಾಕಿ. ಸ್ವಸಹಾಯ ಸಂಘಗಳಿರುವ ಊರುಗಳಲ್ಲಿ ಬಡ್ಡಿಯಿಲ್ಲದ ಒಂದು ಸಣ್ಣ ನಿಧಿಯಿಂದ ಒಳ್ಳೆಯ ಜೊತೆಯನ್ನು ಒಮ್ಮೆಗೇ ಕೊಂಡು, ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ತೀರಿಸುವ ಏರ್ಪಾಡು ಮಾಡಬಹುದು. ಉಳ್ಳವನಿಗೆ ಮಾತ್ರ ಸಿಗುತ್ತಿದ್ದ ಉಳಿತಾಯ ಆಗ ಇಲ್ಲದವನಿಗೂ ಸಿಕ್ಕೀತು.

ಈ ವಾರ ಒಂದು ಕೆಲಸ ಮಾಡಿ. ಮನೆಯ ಪಾದರಕ್ಷೆಗಳನ್ನೆಲ್ಲ ಜಗಲಿಗೆ ತಂದು ಸಾಲಾಗಿಡಿ. ಹರಿದದ್ದನ್ನು ಹೊಲಿಗೆಗೆ, ಒಣಗಿದ್ದನ್ನು ಮೇಣಕ್ಕೆ ತೆಗೆದಿಡಿ. ಕಳೆದ ಮಳೆಗಾಲದಿಂದ ಯಾರೂ ತೊಡದ ಜೊತೆ ಯಾವುದೆಂದು ಮನೆಯವರೆಲ್ಲ ಸೇರಿ ನೋಡಿ. ಅದರ ಒಡೆಯ ಯಾರು, ಎಲ್ಲಿ ನಡೆಯುತ್ತಿದ್ದಾನೆ ಎಂಬುದನ್ನು ಹುಡುಕುವ ಕೆಲಸ ಅಲ್ಲಿಂದ ಶುರುವಾಗಲಿ.